ಸೇನೆ, ತೋಟ, ವಿಮಾನ, ಚುನಾವಣೆ: ಕ್ಯಾಪ್ಟನ್ ಗೋಪಿನಾಥ್ ಲೆಕ್ಕ

ಚಿಕ್ಕಮಗಳೂರಿಂದ ಮಾತಾಡ್ತಾ ಇದ್ದೀನಿ.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಮೊದಲು ಸೇನೆ, ಆಮೇಲೆ ವ್ಯಾಪಾರ, ಕೊನೆಗೆ ರಾಜಕೀಯ ಅಂತ ಹೋದವರು ತುಂಬಾ ಜನ. ನಮ್ಮ ಕಡೆ ಈ ಮೂರನ್ನೂ ಮಾಡಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್.

ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ ಸೇನೆ ಸೇರಿದ ಅವರು 1971ರ ಯುದ್ಧದಲ್ಲಿದ್ದರು. ಇನ್ನೂ ಮೂವತ್ತು ತುಂಬೋ ಮೊದಲೇ ರಾಜೀನಾಮೆ ಕೊಟ್ಟು ಊರಿಗೆ ಬಂದರು. ಗೊರೂರಿನ ಜಮೀನು ಹೇಮಾವತಿ ಅಣೆಕಟ್ಟಿಗೆ ಹೋಗಿತ್ತು. ಪರಿಹಾರವಾಗಿ ಸಿಕ್ಕಿದ್ದು ಜಾವಗಲ್ ಹತ್ತಿರದ ಒಣ ಭೂಮಿ. ನಮ್ಮಲ್ಲಿಂದ ಬೇಲೂರು, ಹಳೇಬೀಡು ದಾಟಿದರೆ ಸಿಗೋ ಜಾಗ ಅದು. ಅಲ್ಲಿ ಟೆಂಟ್ ಹಾಕ್ಕೊಂಡೇ ಕೃಷಿ ಶುರು ಮಾಡಿದರು. ರಾಸಾಯನಿಕ ಬಿಟ್ಟು, ಖರ್ಚು ಇಳಿಸಿ ರೇಷ್ಮೆ ಬೆಳೆದರು. ಅದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು.

2003ರಲ್ಲಿ ಏರ್ ಡೆಕ್ಕನ್ ಶುರುವಾಯ್ತು. ಅಲ್ಲೂ ಅದೇ ಸೂತ್ರ: ಖರ್ಚು ಇಳಿಸು. ಪುಕ್ಕಟೆ ಊಟ ಇಲ್ಲ, ಟಿಕೆಟ್ ಇಂಟರ್ನೆಟ್‌ನಲ್ಲಿ, ವಿಮಾನ ನೆಲದ ಮೇಲೆ ನಿಲ್ಲೋ ಹೊತ್ತು ಕಡಿಮೆ. ಕೆಲವು ಸೀಟು ಒಂದು ರೂಪಾಯಿಗೂ ಮಾರಿದರು. ಹುಬ್ಬಳ್ಳಿಯಂಥ ಊರಿಗೂ ವಿಮಾನ ಹೋಯ್ತು. ಮೊದಲ ಸಲ ವಿಮಾನ ಹತ್ತಿದವರು ಎಷ್ಟೋ ಜನ.

ಆದರೆ ಕಾಮರ್ಸ್ ಓದಿದವನಾಗಿ ಒಂದು ಮಾತು ಹೇಳಲೇಬೇಕು. ಸೀಟು ತುಂಬಿದ ಮಾತ್ರಕ್ಕೆ ಲಾಭ ಬರಲ್ಲ. ಇಂಧನ, ವಿಮಾನದ ಬಾಡಿಗೆ, ನಿಲ್ದಾಣದ ಶುಲ್ಕ ಇವು ಯಾವುದೂ ನಿಮ್ಮ ಕೈಲಿಲ್ಲ. ತೋಟದಲ್ಲಿ ಗೊಬ್ಬರದ ಖರ್ಚು ನೀವೇ ಇಳಿಸಬಹುದು, ಆಕಾಶದಲ್ಲಿ ಆಗಲ್ಲ. ಅಷ್ಟರಲ್ಲಿ ಸ್ಪೈಸ್‌ಜೆಟ್, ಇಂಡಿಗೋ ಬಂದವು, ದರದ ಪೈಪೋಟಿ ಜೋರಾಯ್ತು. ನಷ್ಟ ಬೆಳೆದು, 2007ರಲ್ಲಿ ವಿಜಯ್ ಮಲ್ಯ ಅವರ ಗುಂಪು ದೊಡ್ಡ ಪಾಲು ಕೊಂಡಿತು. ಮುಂದೆ ಕಂಪನಿ ಕಿಂಗ್‌ಫಿಷರ್ ಜೊತೆ ವಿಲೀನವಾಯ್ತು. ಕೊನೆಗೆ ಆ ಕಿಂಗ್‌ಫಿಷರೂ ಉಳಿಯಲಿಲ್ಲ.

2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತರು, ಅನಂತ್ ಕುಮಾರ್ ಗೆದ್ದರು. ಜನ ಟಿಕೆಟ್ ಕೊಳ್ಳೋದು ದರ ನೋಡಿ. ವೋಟಿಗೆ ಬೂತ್‌ಬೂತ್‌ನಲ್ಲೂ ಕಾರ್ಯಕರ್ತ ಬೇಕು, ಪಕ್ಷ ಬೇಕು, ವರ್ಷಗಟ್ಟಲೆ ಓಡಾಟ ಬೇಕು. 2014ರಲ್ಲಿ ಆಮ್ ಆದ್ಮಿ ಪಕ್ಷ ಸೇರಿದರು, ಅಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ.

ಹಾಗಾದ್ರೆ ಸೋತರಾ? ಕಡಿಮೆ ದರದ ವಿಮಾನ ದೇಶದಲ್ಲಿ ಉಳೀತು, ಶುರು ಮಾಡಿದವರ ಕಂಪನಿ ಉಳೀಲಿಲ್ಲ. ಬೆಂಗಳೂರು ಬಿಟ್ಟು ಮೂಡಿಗೆರೆ, ಕಳಸದ ತೋಟಕ್ಕೆ ವಾಪಸ್ ಬರೋಣ ಅಂತಿರೋ ನನ್ನ ವಯಸ್ಸಿನವರು ಇದನ್ನ ಗಮನಿಸಿ. ಕಾಫಿ ರೇಟು ನಿಮ್ಮ ಕೈಲಿಲ್ಲ. ರೇಟು ಏರಿದಾಗ ಸಾಲ ಮಾಡಿ ತೋಟ ದೊಡ್ಡದು ಮಾಡೋ ಮೊದಲು, ಯಾವ ಖರ್ಚು ನಿಮ್ಮ ಹಿಡಿತದಲ್ಲಿದೆ, ಯಾವುದು ಇಲ್ಲ ಅಂತ ಎರಡು ಕಾಲಂ ಬರೆದುಕೊಳ್ಳಿ. ಎರಡನೇ ಕಾಲಂ ಉದ್ದ ಇದ್ದರೆ ನಿಧಾನಕ್ಕೆ ಹೋಗಿ.

ಮುಂದಿನ ವಾರ ಸಿಗೋಣ.