ಬಳುವಳಿಯಾಗಿ ಬಂದ ಕಾಯಿಲೆ



ಮೆಂಡೆಲ್‌ನ ಬಟಾಣಿ ಗಿಡಗಳ ಪಾಠವನ್ನು ನೀವೆಲ್ಲ ಓದಿರುತ್ತೀರಿ. ಎತ್ತರದ ಗಿಡ, ಗಿಡ್ಡ ಗಿಡ, ಪ್ರಬಲ ಗುಣ, ದುರ್ಬಲ ಗುಣ ಎಂದು ನಾಲ್ಕು ಮನೆಗಳ ಚೌಕ ಬರೆದು ಲೆಕ್ಕ ಮಾಡಿರುತ್ತೀರಿ. ನಾನೂ ಬಿ.ಎಸ್ಸಿ. ಓದುವಾಗ ಆ ಚೌಕ ಬರೆದು ಅಂಕ ಗಳಿಸಿದವನೇ. ಉತ್ತರ ಶೇಕಡಾ 50 ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ 50 ಒಂದು ಮನೆಯೊಳಗೆ ಬಂದು ಕುಳಿತರೆ ಹೇಗಿರುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಮಾಜಿ ಸೈನಿಕರ ಕುಟುಂಬಗಳನ್ನು ಕುರಿತ ಕಾರ್ಯಕ್ರಮಕ್ಕಾಗಿ ಹಾಸನ ಜಿಲ್ಲೆಯ ಒಂದು ಹಳ್ಳಿಗೆ ಹೋದಾಗ.

ಆ ಮನೆಯವರು ತಮ್ಮ ಹೆಸರು ಹೇಳಬಾರದೆಂದು ಕೇಳಿಕೊಂಡಿದ್ದಾರೆ. ಆದ್ದರಿಂದ ತಾಯಿ, ಮಗ, ಮಗಳು ಎಂದಷ್ಟೇ ಹೇಳುತ್ತೇನೆ. ತಾಯಿಗೆ 58 ವರ್ಷ. ಮಗನಿಗೆ 36. ಅವನು 19ನೇ ವಯಸ್ಸಿಗೆ ಸೈನ್ಯಕ್ಕೆ ಸೇರಿ 12 ವರ್ಷ ಸೇವೆ ಮಾಡಿದವನು. ನಾವು ಒಳಗೆ ಹೋದಾಗ ಅವನು ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಅವನ ಕೈ, ಕಾಲು, ಮುಖ ಎಲ್ಲವೂ ಅವನ ಅಪ್ಪಣೆಯಿಲ್ಲದೆಯೇ ಅಲುಗಾಡುತ್ತಿದ್ದವು. ನಮ್ಮನ್ನು ಕಂಡು ಸೆಲ್ಯೂಟ್ ಮಾಡಲು ಹೋದ. ಎರಡು ಸಲ ಕೈ ದಿಕ್ಕು ತಪ್ಪಿತು. ಮೂರನೆಯ ಸಲ ಹಣೆಯನ್ನು ಮುಟ್ಟಿತು. ಅಷ್ಟು ಹೊತ್ತೂ ತಾಯಿ ಅವನಿಗೆ ಸಹಾಯ ಮಾಡಲು ಹೋಗಲಿಲ್ಲ, ಸುಮ್ಮನೆ ಕಾದರು. ಆರೈಕೆ ಎಂದರೆ ಎಲ್ಲವನ್ನೂ ನಾವೇ ಮಾಡಿಬಿಡುವುದಲ್ಲ ಎಂಬ ಮೊದಲ ಪಾಠ ನನಗೆ ಅಲ್ಲಿ ಸಿಕ್ಕಿತು.

ಅವನಿಗಿರುವುದು ಹಂಟಿಂಗ್ಟನ್ ಕಾಯಿಲೆ. 1872ರಲ್ಲಿ ಜಾರ್ಜ್ ಹಂಟಿಂಗ್ಟನ್ ಎಂಬ ಅಮೆರಿಕದ ತರುಣ ವೈದ್ಯ ಇದನ್ನು ಸ್ಪಷ್ಟವಾಗಿ ವಿವರಿಸಿದ. ಆಗ ಅವನಿಗೆ 22 ವರ್ಷ. ಅವನ ಅಪ್ಪ, ತಾತ ಇಬ್ಬರೂ ವೈದ್ಯರು. ಹಲವು ತಲೆಮಾರು ಒಂದೇ ಊರಿನ ಕುಟುಂಬಗಳನ್ನು ನೋಡಿದ್ದರಿಂದ, ಈ ಕಾಯಿಲೆ ಅಪ್ಪ ಅಮ್ಮಂದಿರಿಂದ ಮಕ್ಕಳಿಗೆ ಇಳಿದು ಬರುತ್ತದೆಂಬುದು ಅವರಿಗೆ ಗೊತ್ತಾಗಿತ್ತು. ಇದಕ್ಕೆ ಕಾರಣವಾದ ವಂಶವಾಹಿ, ಅಂದರೆ ಜೀನ್, ನಾಲ್ಕನೆಯ ವರ್ಣತಂತುವಿನಲ್ಲಿದೆ ಎಂದು 1983ರಲ್ಲಿ ಕಂಡುಕೊಂಡರು. ವೆನೆಜುವೆಲಾದ ಮರಕೈಬೋ ಸರೋವರದ ದಡದ ಕುಟುಂಬಗಳು ಕೊಟ್ಟ ರಕ್ತದ ಮಾದರಿಗಳು ಅದಕ್ಕೆ ನೆರವಾದವು. 1993ರಲ್ಲಿ ಆ ಜೀನ್ ಕೈಗೆ ಸಿಕ್ಕಿತು.

ಅದರಲ್ಲಿ ಆಗುವ ತಪ್ಪು ಬಹಳ ಸರಳ. ಡಿ.ಎನ್.ಎ.ಯಲ್ಲಿ ಸಿ, ಎ, ಜಿ ಎಂಬ ಮೂರು ಅಕ್ಷರಗಳ ಗುಂಪು ಎಲ್ಲರಲ್ಲೂ ಒಂದಷ್ಟು ಸಲ ಪುನರಾವರ್ತನೆಯಾಗುತ್ತದೆ. ಅದು 40 ಅಥವಾ ಅದಕ್ಕಿಂತ ಹೆಚ್ಚು ಸಲ ಆದರೆ ಕಾಯಿಲೆ ಬಂದೇ ಬರುತ್ತದೆ. ಮಗ್ಗಿ ಒಪ್ಪಿಸುವ ಹುಡುಗ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡು ಅದನ್ನೇ ಹೇಳುತ್ತಾ ಹೋದ ಹಾಗೆ. ಸಾಮಾನ್ಯವಾಗಿ 30ರಿಂದ 50 ವರ್ಷದೊಳಗೆ ಲಕ್ಷಣಗಳು ತಲೆದೋರುತ್ತವೆ. ಮೊದಲು ಕೈಯಿಂದ ವಸ್ತು ಜಾರುವುದು, ಮುಂಗೋಪ, ಮರೆವು. ಆಮೇಲೆ ಅಂಕೆಯಿಲ್ಲದ ಚಲನೆ, ತೊದಲು ಮಾತು, ನುಂಗಲು ಕಷ್ಟ. ಚಲನೆಯನ್ನು ತಗ್ಗಿಸುವ ಔಷಧಿಗಳಿವೆ, ಆದರೆ ಕಾಯಿಲೆಯನ್ನು ವಾಸಿಮಾಡುವ ಔಷಧಿ ಇನ್ನೂ ಇಲ್ಲ.

ಈ ಮನೆಯಲ್ಲಿ ಕಾಯಿಲೆ ಬಂದದ್ದು ತಂದೆಯಿಂದ. ಅವರಿಗೆ 44ನೇ ವಯಸ್ಸಿನಲ್ಲಿ ಕಾಲು ತೂರಾಡತೊಡಗಿತು. ಊರಿನವರು ಕೆಲವರು ಗಾಳಿ ಸೋಕಿದೆ ಎಂದರು, ಕೆಲವರು ಕುಡಿತ ಎಂದರು, ಇನ್ನು ಕೆಲವರು ಹೆಂಡತಿಯ ಕಾಲ್ಗುಣ ಎಂದರು. ಹತ್ತು ವರ್ಷ ನರಳಿ ಅವರು ತೀರಿಕೊಂಡರು. ಕಾಯಿಲೆಗೆ ಒಂದು ಹೆಸರಿದೆ ಎಂಬುದು ಕೊನೆಯವರೆಗೂ ಆ ಮನೆಗೆ ತಿಳಿಯಲಿಲ್ಲ. ಮಗನಿಗೆ 29ಕ್ಕೇ ಶುರುವಾಯಿತು. ಈ ಜೀನ್ ತಂದೆಯಿಂದ ಬರುವಾಗ ಪುನರಾವರ್ತನೆ ಇನ್ನಷ್ಟು ಬೆಳೆಯುವುದುಂಟು. ಹಾಗಾದಾಗ ಕಾಯಿಲೆ ತಂದೆಗಿಂತ ಮಗನಿಗೆ ಬೇಗ ಕಾಣಿಸಿಕೊಳ್ಳುತ್ತದೆ.

ಸೈನ್ಯದಲ್ಲಿ ಅವನು ಕವಾಯತಿನ ಸಾಲಿನಲ್ಲಿ ಎಡವಿದಾಗ ಕುಡಿದು ಬಂದಿದ್ದಾನೆ ಎಂಬ ಮಾತು ಬಂತಂತೆ. ಅದೇ ವರ್ಷ ರಜೆಯಲ್ಲಿ ಅವನು ಊರಿಗೆ ಬಂದ. ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿದ್ದವನನ್ನು ತಾಯಿ ದೂರದಿಂದಲೇ ನೋಡಿದರು. ಅವರ ಮಾತನ್ನು ಅವರು ಹೇಳಿದಂತೆಯೇ ಹೇಳುತ್ತೇನೆ: "ಎಲ್ರೂ ಕುಡಿದೋನ ಹಂಗೆ ನಡೀತಾವ್ನೆ ಅಂದ್ರು ಕಣಪ್ಪ. ಅವ್ನು ಅವ್ರಪ್ಪನ ಹಂಗೆ ನಡೀತಾವ್ನೆ ಅಂತ ನಂಗೊಬ್ಳಿಗೇ ಗೊತ್ತಾಯ್ತು." ಸೈನ್ಯದ ಆಸ್ಪತ್ರೆಯ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಕಾಯಿಲೆಯ ಹೆಸರು ಹೇಳುವ ಎಷ್ಟೋ ತಿಂಗಳ ಮೊದಲೇ, ಶಾಲೆಗೆ ಹೋಗದ ಆ ತಾಯಿ ಅದನ್ನು ಗುರುತಿಸಿದ್ದರು.

ಇಂಥ ತಪ್ಪು ತಿಳಿವಳಿಕೆ ನಮ್ಮಲ್ಲಿ ಮಾತ್ರ ಆಗುವುದಲ್ಲ. ಅಮೆರಿಕದ ಜನಪದ ಗಾಯಕ ವುಡಿ ಗಥ್ರಿ ಎರಡನೆಯ ಮಹಾಯುದ್ಧದಲ್ಲಿ ಸರಕು ಹಡಗುಗಳಲ್ಲಿ ದುಡಿದು, 1945ರಲ್ಲಿ ಸೈನ್ಯಕ್ಕೂ ಸೇರಿದ್ದವನು. ಅವನ ತಾಯಿಗೆ ಇದೇ ಕಾಯಿಲೆಯಿತ್ತು. ಅವನಿಗೆ ಲಕ್ಷಣಗಳು ಕಂಡಾಗ ಮೊದಲು ಬಂದ ಸಂಶಯ ಕುಡಿತದ್ದೇ. ಸರಿಯಾದ ಹೆಸರು ಗೊತ್ತಾದದ್ದು 1952ರಲ್ಲಿ. 1967ರಲ್ಲಿ, 55ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ. ವಿಚ್ಛೇದನವಾಗಿದ್ದರೂ ಅವನನ್ನು ನೋಡಿಕೊಂಡ ಮಾರ್ಜರಿ, ಅದೇ ವರ್ಷ ಈ ಕಾಯಿಲೆಯ ಕುಟುಂಬಗಳಿಗಾಗಿ ಒಂದು ಸಂಘ ಕಟ್ಟಿದಳು. ಮುಂದಿನ ಸಂಶೋಧನೆಗೆ ಅಂಥ ಕುಟುಂಬಗಳು ಒಟ್ಟಾದದ್ದು ದೊಡ್ಡ ಬಲವಾಯಿತು.

ನಮ್ಮ ಯೋಧನ ಕಥೆಗೆ ಮರಳೋಣ. ವೈದ್ಯಕೀಯ ಕಾರಣದಿಂದ ಅವನನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಕಾಗದದಲ್ಲಿ ಬರೆದದ್ದು ಇಷ್ಟು: ಕಾಯಿಲೆ ಆನುವಂಶಿಕ, ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಹತ್ತು ವರ್ಷ ಮೀರಿದ ಸೇವೆಯಿದ್ದುದರಿಂದ ಅಶಕ್ತತೆಯ ಪಿಂಚಣಿ ಸಿಕ್ಕಿತು. ಅಂಗವೈಕಲ್ಯದ ಪಾಲು ಮಾತ್ರ ಸಿಗಲಿಲ್ಲ.

ಇಲ್ಲಿ ನಾವು ನಿಷ್ಠುರವಾಗಿ ಯೋಚಿಸಬೇಕು. ಆ ಜೀನನ್ನು ಸೈನ್ಯ ಕೊಡಲಿಲ್ಲ, ನಿಜ. ವಿಜ್ಞಾನ ಓದಿದ ಯಾರೂ ಅದನ್ನು ಅಲ್ಲಗಳೆಯಲಾರರು. ಆದರೆ ನಿಯಮದಲ್ಲಿ ಪ್ರಶ್ನೆಗಳು ಎರಡು. ಕಾಯಿಲೆ ಸೇವೆಯಿಂದ ಬಂತೇ ಎಂಬುದು ಒಂದು, ಸೇವೆಯಿಂದ ಹೆಚ್ಚಿತೇ ಎಂಬುದು ಇನ್ನೊಂದು. ಆನುವಂಶಿಕ ಎಂಬ ಪದ ಮೊದಲನೆಯದಕ್ಕೆ ಉತ್ತರ ಕೊಡಬಹುದು, ಎರಡನೆಯದಕ್ಕೆ ತಾನಾಗಿ ಉತ್ತರವಾಗುವುದಿಲ್ಲ. 2013ರಲ್ಲಿ ಧರ್ಮವೀರ್ ಸಿಂಗ್ ಎಂಬ ಯೋಧನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯ ಮಾತು ಹೇಳಿತು. ಅವನು 1985ರಲ್ಲಿ ಸೇರಿ, ಮೂರ್ಛೆರೋಗದ ಕಾರಣ 1994ರಲ್ಲಿ ಹೊರಬಂದವನು. ಸೇರುವಾಗ ದಾಖಲೆಯಲ್ಲಿ ಕಾಯಿಲೆ ನಮೂದಾಗಿಲ್ಲದಿದ್ದರೆ ಯೋಧ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ವೈದ್ಯಕೀಯ ಮಂಡಳಿ ಬೇರೆ ತೀರ್ಮಾನಕ್ಕೆ ಬಂದರೆ ಕಾರಣ ಬರೆಯಬೇಕು, ಸಂಶಯದ ಲಾಭ ಯೋಧನಿಗೆ ಸಿಗಬೇಕು ಎಂಬುದು ಆ ತೀರ್ಪಿನ ಸಾರ. ಪ್ರತಿಯೊಂದು ಆನುವಂಶಿಕ ಕಾಯಿಲೆಗೂ ಪಿಂಚಣಿ ಎಂದು ಇದರ ಅರ್ಥವಲ್ಲ. ಒಂದು ಪದ ಬರೆದು ಕಡತ ಮುಚ್ಚಬಾರದು ಎಂದು ಅರ್ಥ. ಈ ಮನೆಯ ಅರ್ಜಿ ನಾವು ಹೋದಾಗ ಇನ್ನೂ ತೀರ್ಮಾನವಾಗಿರಲಿಲ್ಲ.

ಅರ್ಜಿಗೆ ಉತ್ತರ ಬರುವವರೆಗೂ ಹಸಿವು ಕಾಯುವುದಿಲ್ಲವಲ್ಲ! ಸದಾ ಅಲುಗಾಡುವ ದೇಹ ಬೇಗ ತೂಕ ಕಳೆದುಕೊಳ್ಳುತ್ತದೆ. ಹಾಗಾಗಿ ತಾಯಿ ದಿನಕ್ಕೆ ಐದು ಸಲ ಉಣ್ಣಿಸುತ್ತಾರೆ. ನೀರು ಕುಡಿದರೆ ಮಗನಿಗೆ ಕೆಮ್ಮು ಬರುತ್ತದೆ, ಗಟ್ಟಿಯಾದ ರಾಗಿ ಅಂಬಲಿ ಕೊಟ್ಟರೆ ಬರುವುದಿಲ್ಲ ಎಂಬುದನ್ನು ಅವರು ತಾವೇ ಗಮನಿಸಿದ್ದರು. ಆಸ್ಪತ್ರೆಯ ತಜ್ಞರು ಆಮೇಲೆ ಹೇಳಿದ್ದೂ ಅದನ್ನೇ. ನುಂಗುವ ಸ್ನಾಯುಗಳು ಹಿಡಿತ ತಪ್ಪಿದಾಗ ತೆಳ್ಳಗಿನ ದ್ರವ ಸರ್ರನೆ ಶ್ವಾಸನಾಳಕ್ಕೆ ನುಗ್ಗುತ್ತದೆ, ಗಟ್ಟಿಯಾದದ್ದು ನಿಧಾನವಾಗಿ ಇಳಿಯುತ್ತದೆ. ಅಂಗಿಯ ಗುಂಡಿ ಕಿತ್ತು ಲಾಡಿ ಹೊಲಿದಿದ್ದಾರೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದಾರೆ. ಮಂಚ ತೆಗೆಸಿ, ಬಿದ್ದರೂ ಪೆಟ್ಟಾಗದಂತೆ ನೆಲದಲ್ಲೇ ಹಾಸಿಗೆ ಹಾಕಿದ್ದಾರೆ. ಬೆಳಿಗ್ಗೆ ಐದಕ್ಕೆ ಚಹಾ, ದಿನ ಬಿಟ್ಟು ದಿನ ಕ್ಷೌರ. ಸೈನ್ಯದ ಈ ಶಿಸ್ತನ್ನು ಮಗನಿಗಾಗಿ ತಾಯಿ ಉಳಿಸಿಕೊಂಡಿದ್ದಾರೆ. ಒಂದೊಂದು ಸಲ ಅವನು ಸಿಟ್ಟಿನಿಂದ ತಟ್ಟೆ ತಳ್ಳುತ್ತಾನೆ. "ಅದು ಅವ್ನಲ್ಲ ಕಣಪ್ಪ, ಕಾಯಿಲೆ" ಎಂದು ತಾಯಿ ನೆಲ ಒರೆಸುತ್ತಾರೆ. ಮಿದುಳಿನ ಒಳಭಾಗದ ಜೀವಕೋಶಗಳು ಸಾಯುವುದರಿಂದ ಸಿಟ್ಟು ಅಂಕೆ ತಪ್ಪುತ್ತದೆ ಎಂದು ನಾವು ಪುಸ್ತಕದಲ್ಲಿ ಓದುವುದನ್ನು ಅವರು ನಾಲ್ಕು ಪದಗಳಲ್ಲಿ ಹೇಳಿದ್ದರು.

ಇನ್ನು ಮಗಳ ಮಾತು. ಅವಳಿಗೆ 23 ವರ್ಷ, ಬಿ.ಎಡ್. ಓದುತ್ತಿದ್ದಾಳೆ. ಅಣ್ಣನಿಗೆ ಬಂದುಬಿಟ್ಟಿತಲ್ಲ, ಇನ್ನು ನಿನಗೆ ಬರುವುದಿಲ್ಲ ಬಿಡು ಎಂದು ನೆಂಟರು ಸಮಾಧಾನ ಹೇಳುತ್ತಾರೆ. ಇದು ತಪ್ಪು ಲೆಕ್ಕ. ನಾಣ್ಯಕ್ಕೆ ನೆನಪಿಲ್ಲ. ಹಿಂದಿನ ಸಲ ಏನು ಬಿತ್ತು ಎಂಬುದು ಈ ಸಲದ ಚಿಮ್ಮುವಿಕೆಗೆ ಗೊತ್ತಿರುವುದಿಲ್ಲ. ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ಶೇಕಡಾ 50. ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಉತ್ತರ ಈಗಲೇ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ವ್ಯವಸ್ಥೆಯಿದೆ. ಆದರೆ ಲಕ್ಷಣಗಳಿಲ್ಲದ ವ್ಯಕ್ತಿಗೆ ಆಪ್ತಸಲಹೆ ಕೊಡದೆ ಈ ಪರೀಕ್ಷೆ ಮಾಡುವಂತಿಲ್ಲ, ಒತ್ತಾಯಿಸುವಂತಿಲ್ಲ, ಲಕ್ಷಣಗಳಿಲ್ಲದ ಮಕ್ಕಳಿಗೆ ಮಾಡುವಂತಿಲ್ಲ ಎಂಬುದು ವೈದ್ಯರು ಒಪ್ಪಿಕೊಂಡ ನೀತಿ. ತಿಳಿದುಕೊಳ್ಳುವ ಹಕ್ಕಿನಂತೆ ತಿಳಿಯದಿರುವ ಹಕ್ಕೂ ಉಂಟು.

ಚಿತ್ರೀಕರಣ ಮುಗಿದ ಮೇಲೆ ಆ ಹುಡುಗಿ ನನ್ನನ್ನು ಕೇಳಿದಳು: "ಸಾರ್, ನೀವು ಸೈನ್ಸ್ ಓದಿದೋರು. ನನ್ನ ಜಾಗದಲ್ಲಿ ನೀವಿದ್ದಿದ್ರೆ ಟೆಸ್ಟ್ ಮಾಡಿಸ್ಕೋತಿದ್ರಾ?" ನನ್ನ ಬಳಿ ಉತ್ತರ ಇರಲಿಲ್ಲ. ಗೊತ್ತಿಲ್ಲಮ್ಮ ಎಂದೆ. ಅವಳು ನಕ್ಕು, "ಅಮ್ಮನೂ ಹಾಗೇ ಅಂತಾರೆ. ಪಾಸಾದ್ಮೇಲೆ ಯೋಚ್ನೆ ಮಾಡೋಣ ಅಂತಾರೆ" ಎಂದಳು.

ಹೊರಡುವಾಗ ತಾಯಿ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದರು. "ಇದ್ರಾಗೆ ನಂದೇನಾರಾ ತಪ್ಪೈತಾ?" ಕಾಲ್ಗುಣದ ಮಾತು ಇಷ್ಟು ವರ್ಷವಾದರೂ ಅವರನ್ನು ಬಿಟ್ಟಿರಲಿಲ್ಲ. ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಇಲ್ಲ ತಾಯಿ, ನಿಮ್ಮದೂ ಇಲ್ಲ, ನಿಮ್ಮ ಯಜಮಾನರದೂ ಇಲ್ಲ ಎಂದೆ. ಅವರಿಗೂ ಅದು ಅವರ ಹಿರಿಯರಿಂದ ಬಂದದ್ದು, ಯಾರೂ ಬೇಡಿ ಪಡೆದದ್ದಲ್ಲ.

ಮಿತ್ರರೇ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಸರಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ದೀರ್ಘಕಾಲದ ನರರೋಗಗಳೂ ಸೇರಿವೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆಯ ಭತ್ಯೆಯ ಮಾತೂ ಅದರಲ್ಲಿದೆ. ನಿಮ್ಮ ಊರಿನಲ್ಲಿ ಇಂಥ ಮನೆಯಿದ್ದರೆ ಅರ್ಜಿ ಬರೆದುಕೊಡಿ, ಆ ತಾಯಿ ಒಂದು ದಿನ ನೆಂಟರ ಮನೆಗೆ ಹೋಗಿಬರಲು ಒಂದು ಮಧ್ಯಾಹ್ನ ನೀವು ಅಲ್ಲಿ ಕುಳಿತುಕೊಳ್ಳಿ. ದಾರಿಯಲ್ಲಿ ತೂರಾಡುವವನನ್ನು ಕಂಡರೆ ಕುಡುಕ ಎಂದು ತೀರ್ಪು ಕೊಡುವ ಮೊದಲು ಒಂದು ಕ್ಷಣ ನಿಲ್ಲಿ. ಮುಂದಿನ ಸಲ ಆ ನಾಲ್ಕು ಮನೆಗಳ ಚೌಕ ಬರೆಯುವಾಗ ಸರಿಯಾಗಿ ನೋಡಿ. ಯಾವ ಗುಣ ಎಲ್ಲಿಂದ ಬಂತು ಎಂಬುದನ್ನು ಅದು ಹೇಳುತ್ತದೆ. ತಪ್ಪು ಯಾರದು ಎಂಬುದಕ್ಕೆ ಅದರಲ್ಲಿ ಮನೆ ಇಲ್ಲ.