ಏಳು-ಏಳರಲ್ಲಿ ನಿಂತಿದ್ದ ಅಕ್ಕತಂಗಿಯರು, ನಮ್ಮ ಕಬ್ಬನ್ ಪಾರ್ಕು

ಈ 'ಉಸ್' ಕೇಳಿಸ್ತಾ? ಹೊಸ ಟೆನಿಸ್ ಬಾಲ್ ಡಬ್ಬಿಯ ಮುಚ್ಚಳ ಎಳೆದಾಗ ಬರೋ ಸದ್ದು. ಒಂದು ಡಬ್ಬಿಗೆ ಒಂದೇ ಸಲ, ಮತ್ತೆ ಕೇಳಿಸು ಅಂದ್ರೆ ಆಗಲ್ಲ. ಚೆಂಡಿನ ಒಳಗಿರೋ ಗಾಳಿ ಸೋರಿಹೋಗಬಾರದು ಅಂತ ಡಬ್ಬಿಯೊಳಗೂ ಗಾಳಿ ಒತ್ತಿ ತುಂಬಿರ್ತಾರೆ. ಈ 'ಉಸ್' ನೆನಪಿಟ್ಕೊಳ್ಳಿ, ಇದರ ಕೆಲಸ ಆಮೇಲಿದೆ.

ನಾಗಪುರದ ಪ್ರತಾಪ ನಗರದಿಂದ ಮಾತಾಡ್ತಿದೀನಿ. ಆದ್ರೆ ಇವತ್ತಿನ ಮಾತೆಲ್ಲ ಬೆಂಗಳೂರಿನ ಕಬ್ಬನ್ ಪಾರ್ಕಿನದು. ಅಲ್ಲಿ ಮರಗಳ ನಡುವೆ ರಾಜ್ಯದ ಟೆನಿಸ್ ಸಂಸ್ಥೆ ಕೆಎಸ್‌ಎಲ್‌ಟಿಎ ಕೋರ್ಟ್‌ಗಳಿವೆಯಲ್ಲ, ಈಗ ಎಸ್.ಎಂ. ಕೃಷ್ಣ ಅವರ ಹೆಸರಿಟ್ಟಿರೋ ಸ್ಟೇಡಿಯಂ, ಅದರದು. ಬೆಂಗಳೂರು ಓಪನ್ ಅಂದ್ರೇನು, ಟಿಕೆಟ್ ಎಲ್ಲಿ, ಡ್ರಾ ಎಲ್ಲಿ ಅನ್ನೋದೆಲ್ಲ ಫೋನಲ್ಲೇ ಸಿಗುತ್ತೆ. ನಾನು ಹೇಳಬೇಕಾಗಿರೋದು ಬೇರೆ.

ಮಾರ್ಚ್ 2008. ಆಗ ಬೆಂಗಳೂರಿನಲ್ಲಿ ಹೆಂಗಸರ ಡಬ್ಲ್ಯೂಟಿಎ ಟೂರ್ನಿ ನಡೀತಿತ್ತು. ಸೆಮಿಫೈನಲ್‌ನಲ್ಲಿ ಎದುರುಬದುರು ಬಂದೋರು ವಿಲಿಯಮ್ಸ್ ಅಕ್ಕತಂಗಿಯರು, ವೀನಸ್ ಮತ್ತು ಸೆರೆನಾ. ಅಷ್ಟೊತ್ತಿಗೆ ಸೆರೆನಾ ಹತ್ರ 8 ಸಿಂಗಲ್ಸ್ ಗ್ರ್ಯಾಂಡ್ ಸ್ಲಾಂ, ವೀನಸ್ ಹತ್ರ 6. ಕೂಡಿಸಿದ್ರೆ ಹದಿನಾಲ್ಕು. ಹದಿನಾಲ್ಕು ಗ್ರ್ಯಾಂಡ್ ಸ್ಲಾಂ ಒಂದೇ ನೆಟ್ಟಿನ ಆಚೆ ಈಚೆ ನಿಂತಿವೆ, ಹೊರಗೆ ಕಸ್ತೂರ್ಬಾ ರಸ್ತೆಯಲ್ಲಿ ಬಸ್ಸು ಓಡಾಡ್ತಿದೆ. ನನಗೆ ಇವತ್ತಿಗೂ ಇದನ್ನ ನೆನೆಸ್ಕೊಂಡ್ರೆ ಮೈ ಜುಮ್ಮನ್ನುತ್ತೆ.

ಸ್ಕೋರು: 6-3, 3-6, 7-6. ಕೊನೇ ಟೈಬ್ರೇಕ್ 7-4. ಗೆದ್ದಿದ್ದು ತಂಗಿ ಸೆರೆನಾ. ಮಾರನೇ ದಿನ ಪ್ಯಾಟಿ ಶ್ನೈಡರ್ ಅವರನ್ನ 7-5, 6-3ರಲ್ಲಿ ಸೋಲಿಸಿ ಕಪ್ಪೂ ಎತ್ತಿದ್ರು.

ಇಲ್ಲೇ ನನ್ನ ಜಗಳ ಇರೋದು. ಈ ಮ್ಯಾಚಿನ ಸುದ್ದಿ ತೆಗೆದಾಗಲೆಲ್ಲ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: 'ಅದೇನ್ ಬಿಡಿ, ಅಕ್ಕತಂಗೀರ ಆಟ, ಮನೆಯಲ್ಲೇ ಮಾತಾಡ್ಕೊಂಡು ಬಂದಿರ್ತಾರೆ.' ಈ ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ. ಲೆಕ್ಕ ನೋಡಿ. 1998ರ ಆಸ್ಟ್ರೇಲಿಯನ್ ಓಪನ್‌ನಿಂದ 2005ರ ಯುಎಸ್ ಓಪನ್‌ವರೆಗೆ ಇಬ್ಬರೂ 14 ಸಲ ಆಡಿದ್ರು. ವೀನಸ್ ಏಳು, ಸೆರೆನಾ ಏಳು. ಸಮ. ಆಮೇಲೆ ಎರಡೂವರೆ ವರ್ಷ ಎದುರಾಗಲೇ ಇಲ್ಲ. ಆ ಏಳು-ಏಳನ್ನ ಹಾಗೇ ಕಟ್ಟಿಕೊಂಡು ಬಂದು ಬಿಚ್ಚಿದ್ದು ಎಲ್ಲಿ? ಕಬ್ಬನ್ ಪಾರ್ಕಲ್ಲಿ. ಹದಿನೈದನೇ ಮ್ಯಾಚು, ಮೂರನೇ ಸೆಟ್ಟು, ಟೈಬ್ರೇಕು. ಮಾತಾಡ್ಕೊಂಡು ಬಂದೋರು ಯಾಕೆ ಅಷ್ಟು ದೂರ ಎಳೀತಾರೆ?

ಮುಂದೇನಾಯ್ತು ಅನ್ನೋದನ್ನೂ ನೋಡಿ. ನಾಲ್ಕು ತಿಂಗಳಿಗೆ ವಿಂಬಲ್ಡನ್ ಫೈನಲ್, ವೀನಸ್ ಗೆದ್ರು, 7-5, 6-4. ಮತ್ತೆ ಸಮ. ಸೆಪ್ಟೆಂಬರಲ್ಲಿ ಯುಎಸ್ ಓಪನ್ ಕ್ವಾರ್ಟರ್ ಫೈನಲ್, ಸೆರೆನಾ ಗೆದ್ರು, ಎರಡೂ ಸೆಟ್ ಟೈಬ್ರೇಕ್. ಅದೇ ಟೂರ್ನಿ ಗೆದ್ದು ವಿಶ್ವದ ನಂಬರ್ ಒನ್ ಆದ್ರು. ಆ ವರ್ಷ ಪ್ರಪಂಚ ಕಣ್ಣು ಬಿಟ್ಕೊಂಡು ನೋಡಿದ ಪೈಪೋಟಿಯ ಮೊದಲ ಕಂತು ಬೆಂಗಳೂರಿನದು. ಅದನ್ನ ಮಾತಾಡ್ಕೊಂಡು ಆಡಿದ ಆಟ ಅಂದ್ರೆ ಹೇಗೆ ಸುಮ್ಮನಿರಲಿ?

ಆ ವರ್ಷದ ಡ್ರಾದಲ್ಲಿ ಸಾನಿಯಾ ಮಿರ್ಜಾ ಇರಲಿಲ್ಲ. ತಾಯ್ನಾಡಲ್ಲಿ ಆಡಿದಾಗಲೆಲ್ಲ ಏನಾದ್ರೂ ಒಂದು ವಿವಾದ ಅಂಟ್ಕೊಳ್ಳುತ್ತೆ ಅಂತ ಬೇಸತ್ತು ದೂರ ಉಳಿದ್ರು. ನಮ್ಮೂರಲ್ಲಿ ಜಗತ್ತಿನ ಘಟಾನುಘಟಿಗಳು ಆಡ್ತಿದ್ದಾಗ ನಮ್ಮ ಹುಡುಗೀನೇ ಅಂಗಳಕ್ಕೆ ಇಳಿಯೋ ಹಾಗಿರಲಿಲ್ಲ. ಅದು ನೋವು, ಅದನ್ನ ಹೇಳದೆ ಮುಂದೆ ಹೋಗಲಾರೆ.

ಅಲ್ಲಿಗೆ ಆ ಟೂರ್ನಿ ಬೆಂಗಳೂರಿನಲ್ಲಿ ಮುಗೀತು. ಅದೇ ವರ್ಷ ಗಂಡಸರ ಎಟಿಪಿ ಟೂರ್ನಿಯೂ ಬೆಂಗಳೂರಿಗೆ ಬರಬೇಕಿತ್ತು. ಜುಲೈ 25ಕ್ಕೆ ನಗರದಲ್ಲಿ ಬಾಂಬ್‌ಗಳು ಸಿಡಿದ್ವು, ಭದ್ರತೆಯ ಆತಂಕದಲ್ಲಿ ಅದು ರದ್ದಾಯ್ತು.

ಈಗ ಆ 'ಉಸ್'ಗೆ ಬರೋಣ.

ಬೆಂಗಳೂರಿಗೆ ಬಂದ ಆಟಗಾರರೆಲ್ಲ ಒಂದೇ ಮಾತು ಹೇಳ್ತಾರೆ, ಇಲ್ಲಿ ಚೆಂಡು ಹಾರುತ್ತೆ ಅಂತ. ನಿಜ. ನಾನು ಕೂತಿರೋ ನಾಗಪುರ ಸಮುದ್ರಮಟ್ಟದಿಂದ ಸುಮಾರು 310 ಮೀಟರ್ ಎತ್ತರ. ಬೆಂಗಳೂರು ಸುಮಾರು 920. ಅಲ್ಲಿಯ ಗಾಳಿ ಸಮುದ್ರಮಟ್ಟದ ಗಾಳಿಗಿಂತ ಹೆಚ್ಚುಕಡಿಮೆ ಶೇ 9ರಷ್ಟು ತೆಳು. ಯುರೋಪಲ್ಲಿ ಮ್ಯಾಡ್ರಿಡ್‌ನ ಎತ್ತರದ ಬಗ್ಗೆ ಪ್ರತಿ ವರ್ಷ ಪುಟಗಟ್ಟಲೆ ಬರೀತಾರೆ. ಮ್ಯಾಡ್ರಿಡ್ ಸುಮಾರು 650 ಮೀಟರ್. ನಮ್ಮ ಕಬ್ಬನ್ ಪಾರ್ಕು ಅದಕ್ಕಿಂತ ಮೇಲಿದೆ ಸ್ವಾಮಿ!

ಆದ್ರೆ 'ಅದಕ್ಕೇ ಬೆಂಗಳೂರಲ್ಲಿ ಬೇರೆ ಥರದ ಚೆಂಡು ಬಳಸ್ತಾರೆ' ಅಂತ ಸೇರಿಸ್ತಾರಲ್ಲ, ಅದು ತಪ್ಪು. ಎತ್ತರದ ಊರಿಗೆ ಅಂತಲೇ ಚೆಂಡಿದೆ, ಹೌದು. ನಿಯಮದ ಪ್ರಕಾರ ಅದು 1219 ಮೀಟರ್ ದಾಟಿದ ಜಾಗಕ್ಕೆ, ಬೊಗೋಟಾ ಥರದ ಊರಿಗೆ. ಬೆಂಗಳೂರು ಆ ಗೆರೆಯ ಕೆಳಗೇ ಉಳಿಯುತ್ತೆ. ಹಾಗಾಗಿ ಚೆಂಡು ಮಾಮೂಲಿ, ಗಾಳಿ ಮಾತ್ರ ತೆಳು. ಕಷ್ಟ ಇರೋದೇ ಇಲ್ಲಿ. ಆ 'ಉಸ್' ಅನ್ನೋ ಡಬ್ಬಿ ಕಾಪಾಡ್ಕೊಂಡು ಬಂದ ಚೆಂಡಿನ ಒಳಗಿನ ಒತ್ತಡ ಅಷ್ಟೇ ಇದೆ, ಹೊರಗಿನ ಒತ್ತಡ ಕಡಿಮೆ, ಅದಕ್ಕೆ ಪುಟಿತ ಹೆಚ್ಚು. ಟಾಪ್‌ಸ್ಪಿನ್ ಹೊಡೆದ ಚೆಂಡನ್ನ ಕೆಳಗೆ ಎಳೆಯೋಕೆ ಗಾಳಿಯ ಹಿಡಿತ ಸಾಲದು, ಒಳಗೆ ಬೀಳಬೇಕಾದ್ದು ಗೆರೆಯಾಚೆ ಹೋಗುತ್ತೆ. ಅದಕ್ಕೇ ಹಿಡಿತಕ್ಕಾಗಿ ರ್‍ಯಾಕೆಟ್ಟಿನ ತಂತಿಯನ್ನ ಇನ್ನೊಂಚೂರು ಬಿಗಿ ಮಾಡಿಸ್ಕೊಳ್ತಾರೆ.

ತಡೀರಿ, 'ಹಾರುತ್ತೆ' ಅಂದಿದ್ದನ್ನ ಸ್ವಲ್ಪ ಸರಿ ಮಾಡ್ತೀನಿ. ರ್‍ಯಾಕೆಟ್ಟಿಂದ ಹೊರಡುವಾಗ ಚೆಂಡಿನ ವೇಗ ಎಲ್ಲಾದ್ರೂ ಒಂದೇ. ದಾರಿಯಲ್ಲಿ ಅದು ಕಳ್ಕೊಳ್ಳೋ ವೇಗ ಬೆಂಗಳೂರಲ್ಲಿ ಕಡಿಮೆ. ಎದುರಿಗಿರೋನಿಗೆ ಸಿಗೋ ಸಮಯವೂ ಅಷ್ಟು ಕಡಿಮೆ. ಮೇಲೆ ಅದು ಹಾರ್ಡ್ ಕೋರ್ಟ್. ಬಗ್ಗಿ ಅಂಗೈ ಸವರಿ ನೋಡಿ, ಬಡಗಿಯ ಮರಳು ಕಾಗದದ ಹಾಗೆ ತರಿತರಿ ಹತ್ತುತ್ತೆ. ಅಕ್ರಿಲಿಕ್ ಬಣ್ಣಕ್ಕೆ ಬೆರೆಸಿದ ಮರಳು ಅದು. ಮರಳು ಜಾಸ್ತಿಯಾದ್ರೆ ಕೋರ್ಟು ನಿಧಾನ, ಕಮ್ಮಿಯಾದ್ರೆ ಚುರುಕು.

ಇಷ್ಟೆಲ್ಲ ಯಾಕೆ ಹೇಳಿದೆ? ಈ ಗಾಳಿ, ಈ ಕೋರ್ಟು ಪರಿಚಯ ಇರೋ ಹುಡುಗರಿಗೆ ತಮ್ಮ ನೆಲದಲ್ಲೇ ಒಂದು ಟೂರ್ನಿ ಸಿಕ್ಕಿದ್ರೆ ಏನಾಗುತ್ತೆ ಅಂತ ತೋರಿಸೋಕೆ. 2017ರ ನವೆಂಬರ್, ಬೆಂಗಳೂರು ಓಪನ್. ಎಟಿಪಿ ಚಾಲೆಂಜರ್, ಅಂದ್ರೆ ದೊಡ್ಡ ಟೂರಿನ ಒಂದು ಮೆಟ್ಟಿಲು ಕೆಳಗೆ. ಇಪ್ಪತ್ತು ವರ್ಷದ ಸುಮಿತ್ ನಾಗಲ್ ಸೆಮಿಯಲ್ಲಿ ಯೂಕಿ ಭಾಂಬ್ರಿಯನ್ನ, ಫೈನಲ್‌ನಲ್ಲಿ ಜೇ ಕ್ಲಾರ್ಕ್‌ನ ಸೋಲಿಸಿದ. ಮರುವರ್ಷ ಪ್ರಜ್ಞೇಶ್ ಗುಣೇಶ್ವರನ್, ಫೈನಲ್‌ನಲ್ಲಿ ಸಾಕೇತ್ ಮೈನೇನಿ ವಿರುದ್ಧ 6-2, 6-2. ಮೂರು ತಿಂಗಳಲ್ಲಿ ಪ್ರಜ್ಞೇಶ್ ವಿಶ್ವದ ಮೊದಲ ನೂರರೊಳಗೆ. ನಾಗಲ್ 2019ರ ಯುಎಸ್ ಓಪನ್‌ನಲ್ಲಿ ಫೆಡರರ್ ವಿರುದ್ಧ ಮೊದಲ ಸೆಟ್ 6-4 ಗೆದ್ದಿದ್ದು ಎಲ್ರಿಗೂ ನೆನಪಿದೆ.

ಸೆರೆನಾ ಬಂದಿದ್ದು ನಮ್ಮ ಭಾಗ್ಯ. ಆದ್ರೆ ಮುನ್ನೂರನೇ ರ್‍ಯಾಂಕಿನ ಹುಡುಗನಿಗೆ ಅನ್ನ ಹಾಕೋದು ಚಾಲೆಂಜರ್. ರ್‍ಯಾಂಕಿಂಗ್ ಪಾಯಿಂಟು 52 ವಾರ ಮಾತ್ರ ಖಾತೆಯಲ್ಲಿರುತ್ತೆ, ಆಮೇಲೆ ತಾನಾಗೇ ಕಳಚುತ್ತೆ. ಅದನ್ನ ತುಂಬಿಸೋಕೆ ಊರೂರು, ದೇಶ ದೇಶ ಸುತ್ತಬೇಕು. ವೀಸಾ, ವಿಮಾನ, ಕೋಚಿನ ಸಂಬಳ, ಎಲ್ಲ ಕೈಯಿಂದ. ಆ ಪಾಯಿಂಟು ಬೆಂಗಳೂರಲ್ಲೇ ಸಿಕ್ಕಿದ್ರೆ ಎಷ್ಟು ಭಾರ ಇಳೀತು! 2025ರಲ್ಲಿ ಈ ಟೂರ್ನಿ ಚಾಲೆಂಜರ್ 125 ಆಯ್ತು, ಗೆದ್ದೋರಿಗೆ 125 ಪಾಯಿಂಟು. ಆ ಸಲ ಗೆದ್ದ ಬ್ರ್ಯಾಂಡನ್ ಹೋಲ್ಟ್ ಹಳೇ ಚಾಂಪಿಯನ್ ಟ್ರೇಸಿ ಆಸ್ಟಿನ್ ಅವರ ಮಗ.

ಬೇಗ ಬೇಗ ಇನ್ನೊಂದು. 2020ರಲ್ಲಿ ಲಿಯಾಂಡರ್ ಪೇಸ್ ಭಾರತದಲ್ಲಿ ಕೊನೆಯದಾಗಿ ಆಡಿದ ಟೂರ್ನಿಯೂ ಇದೇ. ಡಬಲ್ಸ್ ಫೈನಲ್ ತಲುಪಿ ಸೋತ್ರು. ಜೊತೆಗಾರ ಮ್ಯಾಥ್ಯೂ ಎಬ್ಡನ್. ನಾಲ್ಕು ವರ್ಷ ಕಳೆದು ಅದೇ ಎಬ್ಡನ್ ಜೊತೆ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ರು.

ಹೆಂಗಸರಿಗೂ ಬೆಂಗಳೂರಲ್ಲಿ ಈಗ ಐಟಿಎಫ್ ಟೂರ್ನಿ ಇದೆ, ಅದೇ ಕಬ್ಬನ್ ಪಾರ್ಕಲ್ಲಿ. ಆದ್ರೆ ಗಂಡಸರದು ಒಂದು ವಾರ, ಹೆಂಗಸರದು ಇನ್ಯಾವುದೋ ವಾರ. ಎರಡನ್ನೂ ಒಂದೇ ವಾರ ಇಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾಗಲ್‌ನ ನೋಡೋಕೆ ಬಂದೋರು ಪಕ್ಕದ ಕೋರ್ಟಲ್ಲಿ ಅಂಕಿತಾ ರೈನಾ ಅವರನ್ನೂ ನೋಡಲಿ. ಕೋರ್ಟಿಗೇನೂ ಕೊರತೆಯಿಲ್ಲ, ಮನಸ್ಸು ಬೇಕು.

ಆ ಹೆಂಗಸರ ಟೂರ್ನಿಯ 2023ರ ಮಾರ್ಚ್‌ನ ಫೈನಲ್ ನೋಡಿದೋರು ಎಷ್ಟು ಜನ ಇದೀರಿ, ಕೆಳಗೆ ಬರೀರಿ. ಒಂದು ಕಡೆ ಅಂಕಿತಾ, ಇನ್ನೊಂದು ಕಡೆ ಹದಿನೈದರ ಚೆಕ್ ಹುಡುಗಿ ಬ್ರೆಂಡಾ ಫ್ರುಹ್ವಿರ್ತೋವಾ. ಮೊದಲ ಸೆಟ್ ಅಂಕಿತಾಗೆ 6-0. ಒಂದೇ ಒಂದು ಗೇಮ್ ಬಿಡಲಿಲ್ಲ. ಎರಡನೇದು 4-6. ಮೂರನೇದು 0-6. ಒಂದೇ ಮ್ಯಾಚಲ್ಲಿ ಒಬ್ಬರ ಕೈ ಹೀಗೆ ಮೇಲಾಗಿ, ಹಾಗೆ ಕೆಳಗಾಗಿದ್ದನ್ನ ನಾನು ಮತ್ತೆ ಕಂಡಿಲ್ಲ. ಎರಡನೇ ಸೆಟ್ಟು ಜಾರ್ತಿದ್ದಾಗ, ಗಂಡಸರ ಟೂರ್ನಿಗೆ ಬರೋ ಅಷ್ಟೂ ಜನ ಆ ಮೆಟ್ಟಿಲ ಮೇಲೆ ಕೂತು 'ಅಂಕಿತಾ, ಅಂಕಿತಾ' ಅಂತ ಕೂಗಿದ್ದಿದ್ರೆ?