ತೂತಿನ ಕ್ಯಾಮೆರಾ ಮತ್ತು ಹಳೇ ಹೆಂಚಿನ ಕೋಣೆ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)

ಬಿ.ಇ. ಓದಿದರೆ ಮುಂದೇನು, ಸಾಫ್ಟ್‌ವೇರ್ ಕೆಲಸ ಹೇಗಿರುತ್ತದೆ ಎಂದು ಮಾತಾಡಿ ಅಂತ ಸಮಿತಿಯವರು ಹೇಳಿದ್ದರು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವರ ಕ್ಷಮೆ ಕೇಳಿ, ನಾನು ಭಾನುವಾರಗಳಲ್ಲಿ ಮಾಡುವ ಕೆಲಸದ ಬಗ್ಗೆ ಹೇಳುತ್ತೇನೆ. ಗುಜರಿ ಸಾಮಾನಿನಿಂದ ಫಿಲ್ಮ್ ಕ್ಯಾಮೆರಾ ಮಾಡುವುದು. ಅದು ಶುರುವಾದದ್ದು ಈ ಶಾಲೆಯಲ್ಲೇ.

ನಮ್ಮ ಎಂಟನೇ ತರಗತಿ ನಡೆಯುತ್ತಿದ್ದದ್ದು ಹಳೇ ಹೆಂಚಿನ ಕೋಣೆಯಲ್ಲಿ. ಊರಿನವರೇ ಕಲ್ಲು ಹೊತ್ತು ಕಟ್ಟಿದ ಕೋಣೆ ಅದು. ಅದರ ಪೂರ್ವದ ಕಿಟಕಿಯ ಹಲಗೆಯಲ್ಲಿ ಮರದ ಗಂಟೊಂದು ಕಳಚಿ ಬಿದ್ದು ತೂತಾಗಿತ್ತು. ಒಂದು ದಿನ ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ನಮ್ಮ ವಿಜ್ಞಾನ ಮೇಷ್ಟ್ರು ಬಾಗಿಲು ಕಿಟಕಿ ಎಲ್ಲ ಮುಚ್ಚಿಸಿ, ಹೆಂಚಿನ ಸಂದಿಗಳಿಗೆ ಗೋಣಿಚೀಲ ತುರುಕಿಸಿ, ಆ ತೂತಿಗೆ ರಟ್ಟು ಅಂಟಿಸಿ, ಪೆನ್ಸಿಲ್ ಮೊನೆಯಿಂದ ಚುಚ್ಚಿದರು. ಎದುರಿನ ಸುಣ್ಣದ ಗೋಡೆಯ ಮೇಲೆ ಹೊರಗಿನ ಬೇವಿನ ಮರ ತಲೆಕೆಳಗಾಗಿ ನಿಂತಿತ್ತು. ಎಲೆ ಅಲ್ಲಾಡುವುದೂ ಕಾಣುತ್ತಿತ್ತು. ಅಷ್ಟರಲ್ಲಿ ಯಾರೋ ಸೈಕಲ್ಲಿನಲ್ಲಿ ತಲೆಕೆಳಗಾಗಿ ಹೋದರು. ಕೋಣೆಯಲ್ಲಿ ಗಲಾಟೆಯೋ ಗಲಾಟೆ. ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹೆಸರು ಹೇಳಿದರೆ ಬೈಯುತ್ತಾರೆ.

ಮರುವರ್ಷ ಪ್ರವಾಸಕ್ಕೆ ಹಂಪಿಗೆ ಹೋದೆವು. ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲ ಕೋಣೆಯಲ್ಲಿ ರಾಜಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದಲ್ಲ, ಅದನ್ನು ನೋಡಿ ಬೇರೆಯವರು ಕೈಮುಗಿದರು. ನಾವು "ಇದು ನಮ್ಮ ಸ್ಕೂಲಲ್ಲೂ ಇದೆ" ಅಂದೆವು.

ಎಸ್ಸೆಸ್ಸೆಲ್ಸಿ ಮುಗಿಸಿ ರಾಜಾಜಿನಗರದ ಸೋದರಮಾವನ ಮನೆಗೆ ಹೋದೆ. ಮಾವನಿಗೆ ಕಾಮಾಕ್ಷಿಪಾಳ್ಯದಲ್ಲಿ ಒಂದು ಲೇತ್ ಇತ್ತು. ಆ ಕಡೆ ಹೋದವರಿಗೆ ಗೊತ್ತು, ಬೀದಿ ಬೀದಿಯಲ್ಲೂ ಲೇತ್, ಮಿಲ್ಲಿಂಗ್, ಪ್ಲೇಟಿಂಗ್ ಶೆಡ್ಡುಗಳು. ನಾನು ಕಾಲೇಜು, ಕೆಲಸ ಅಂತ ಆ ಗೋಡೆಯ ಬೇವಿನ ಮರವನ್ನು ಮರೆತೇಬಿಟ್ಟಿದ್ದೆ. ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಒಂದು ಭಾನುವಾರ ಚಿಕ್ಕಪೇಟೆ ಪಕ್ಕದ ಸಂಡೇ ಬಜಾರಿನಲ್ಲಿ 250 ರೂಪಾಯಿಗೆ ಒಂದು ಆಗ್ಫಾ ಕ್ಲಿಕ್ 3 ಸಿಕ್ಕಿತು. ಹಿರಿಯರಿಗೆ ನೆನಪಿರಬಹುದು, ಎಷ್ಟೋ ಮನೆಗಳ ಕಪ್ಪು-ಬಿಳುಪು ಮದುವೆ, ನಾಮಕರಣದ ಚಿತ್ರಗಳು ಆ ಡಬ್ಬಿಯಲ್ಲಿ ತೆಗೆದವು. ಒಂದೇ ಮಸೂರ, 120 ಸೈಜಿನ ಫಿಲ್ಮು, ರೋಲಿಗೆ 12 ಚೌಕ ಚಿತ್ರ. ನನಗೆ ಸಿಕ್ಕಿದ್ದರ ಶಟರ್ ಸ್ಪ್ರಿಂಗ್ ತುಕ್ಕು ಹಿಡಿದಿತ್ತು, ಮಸೂರಕ್ಕೆ ಬೂಷ್ಟು. ಬಾಲ್ ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿದೆ, ನಡೆಯಿತು. ಮಸೂರದ ಜಾಗಕ್ಕೆ ಮುರಿದ ಬೈನಾಕ್ಯುಲರ್ ಒಂದರ ಗಾಜು ಕೂರಿಸಲು ಮಾವ ಲೇತಿನಲ್ಲಿ ಅಲ್ಯೂಮಿನಿಯಂ ಬಳೆ ತಿರುವಿ ಕೊಟ್ಟರು. ಮೊದಲ ರೋಲು ಪೂರ್ತಿ ಮಸುಕು. ಫಿಲ್ಮ್ ಇರುವ ಜಾಗದಲ್ಲಿ ಬಟರ್ ಪೇಪರ್ ಇಟ್ಟು ನೋಡಿದರೆ ಮಸೂರ 2 ಮಿ.ಮೀ. ಮುಂದಿತ್ತು. ಮಸೂರದ ಬಾಯಿ ಅದರ ಸಂಗಮ ದೂರದ ಎಂಟನೇ ಒಂದು ಭಾಗದಷ್ಟಿದ್ದರೆ, 2 ಮಿ.ಮೀ. ತಪ್ಪಿದಾಗ ಒಂದೊಂದು ಚುಕ್ಕೆಯೂ ಕಾಲು ಮಿ.ಮೀ. ಅಗಲಕ್ಕೆ ಹರಡುತ್ತದೆ. "ಎರಡು ಮಿಲಿಮೀಟರಾ? ನಮ್ಮಲ್ಲಿ ಎರಡು ಕೂದಲೆಳೆ ತಪ್ಪಿದರೆ ಮಾಲು ವಾಪಸ್ ಬರುತ್ತೆ ಕಣೋ ಇಂಜಿನಿಯರ್ರೇ" ಅಂದರು ಮಾವ. ಆಫೀಸಿನಲ್ಲಿ ತಪ್ಪಾದರೆ ಒಂದು ಸಾಲು ತಿದ್ದಿ ಮತ್ತೆ ಓಡಿಸುತ್ತೇವೆ. ಇಲ್ಲಿ ಹಾಗಿಲ್ಲ.

ನಂತರ ಮಸೂರವೇ ಬೇಡ ಅನ್ನಿಸಿ ಮೇಷ್ಟ್ರ ಪಾಠಕ್ಕೆ ವಾಪಸಾದೆ. ತೂತಿನ ಕ್ಯಾಮೆರಾ. ಮಕ್ಕಳೇ, ಇದನ್ನು ನೀವೂ ಮಾಡಬಹುದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಒಂದು ತುಂಡು ಕತ್ತರಿಸಿ, ಹೊಲಿಗೆ ಸೂಜಿಯ ಮೊನೆಯನ್ನು ಮೆಲ್ಲಗೆ ಒತ್ತಿ, ಹಿಂದೆ ಉಬ್ಬಿದ್ದನ್ನು ನುಣುಪು ಉಪ್ಪುಕಾಗದದಲ್ಲಿ ಉಜ್ಜಬೇಕು. ತೂತು ತುಂಬ ದೊಡ್ಡದಾದರೆ ಚಿತ್ರ ಮಸುಕು, ತುಂಬ ಚಿಕ್ಕದಾದರೂ ಮಸುಕು, ಏಕೆಂದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ. ಫಿಲ್ಮಿನಿಂದ 60 ಮಿ.ಮೀ. ದೂರಕ್ಕೆ ಸುಮಾರು 0.35 ಮಿ.ಮೀ. ತೂತು ಸರಿ. ಅಷ್ಟು ಚಿಕ್ಕದನ್ನು ಅಳೆಯುವುದು ಹೇಗೆ? ಸ್ಕ್ಯಾನರಿನಲ್ಲಿ ಇಟ್ಟು, ಇಂಚಿಗೆ 1200 ಚುಕ್ಕೆಯಂತೆ ಸ್ಕ್ಯಾನ್ ಮಾಡಿ ಎಣಿಸಿದೆ. 16-17 ಚುಕ್ಕೆ ಬಂದರೆ ಸರಿ. ಇಷ್ಟು ಸಣ್ಣ ತೂತಿನಿಂದ ಬೆಳಕು ಬರುವುದು ನಿಧಾನ. 100 ಐಎಸ್‌ಒ ಫಿಲ್ಮಿಗೆ ಒಳ್ಳೆಯ ಬಿಸಿಲಿನಲ್ಲೂ ಒಂದು ಸೆಕೆಂಡಿನ ಮೇಲೆ ಬೇಕು, ಕೋಣೆಯೊಳಗೆ ನಿಮಿಷಗಟ್ಟಲೆ. ಶಟರಿಗೆ ಹಳೇ ಫ್ಲಾಪಿ ಡಿಸ್ಕಿನ ತಗಡು, ಸುತ್ತುವ ತಿರುಗಣಿಗೆ ರೇಡಿಯೋ ಗುಂಡಿ, ಒಳಗೆ ಬೆಳಕು ಪ್ರತಿಫಲಿಸದಂತೆ ಬ್ಲೌಸ್ ಪೀಸ್ ಅಂಗಡಿಯ ಕಪ್ಪು ಮಖಮಲ್ಲು.

120 ಫಿಲ್ಮಿನ ಬೆನ್ನಿಗೆ ಕಾಗದ ಇರುತ್ತದೆ, ಅದರ ಮೇಲೆ 1, 2, 3 ಅಂತ ಅಂಕಿ. ಎಷ್ಟು ಸುತ್ತಿದೆವು ಎಂದು ನೋಡಲು ಡಬ್ಬಿಯ ಹಿಂದೆ ಕೆಂಪು ಕಿಟಕಿ. ಹಳೆಯ ಕಾಲದ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ಅದಕ್ಕೇ ಕೆಂಪು. ಈಗಿನ ಫಿಲ್ಮಿಗೆ ಕೆಂಪೂ ಕಾಣುತ್ತದೆ, ಆದ್ದರಿಂದ ಕಿಟಕಿಗೆ ಮುಚ್ಚಳ ಬೇಕೇ ಬೇಕು. ಇದು ನನಗೆ ಗೊತ್ತಿತ್ತು. ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರ್ ತುಂಡು ಅಂಟಿಸಿ, ಮುಚ್ಚಳ ಆಮೇಲೆ ಮಾಡೋಣ ಅಂದುಕೊಂಡಿದ್ದೆ.

ಹೋದ ವರ್ಷ ಹೆಂಚಿನ ಕೋಣೆ ಕೆಡವುತ್ತಾರೆ ಎಂದು ಗೆಳೆಯನೊಬ್ಬ ಫೋನ್ ಮಾಡಿದ. ಸೋರುತ್ತಿತ್ತು, ಗೋಡೆ ಬಿರಿದಿತ್ತು, ಮಕ್ಕಳನ್ನು ಅಲ್ಲಿ ಕೂರಿಸುವಂತಿರಲಿಲ್ಲ, ಕೆಡವಿದ್ದು ಸರಿಯೇ. ಆ ಕೋಣೆಯನ್ನು ತೂತಿನ ಕ್ಯಾಮೆರಾದಲ್ಲೇ ತೆಗೆಯಬೇಕು ಅನ್ನಿಸಿತು, ಅದೂ ಒಂದು ತೂತಿನ ಕ್ಯಾಮೆರಾ ಆಗಿತ್ತಲ್ಲ. ಶನಿವಾರ ಬೆಳಿಗ್ಗೆ ಬಂದೆ. ಮೇಷ್ಟ್ರೂ ಬಂದರು. ಕಿಟಕಿಗೆ ಬೆನ್ನು ಮಾಡಿ ಕ್ಯಾಮೆರಾ ಇಟ್ಟು ಗೋಡೆ, ಬೋರ್ಡು, ತೊಲೆ, ಹಳೇ ಬೆಂಚಿನ ಮೇಲೆ ಕೂತ ಮೇಷ್ಟ್ರು, ಒಂದೊಂದಕ್ಕೂ 4 ನಿಮಿಷ. ಮೇಷ್ಟ್ರು ಅಲ್ಲಾಡದೆ ಕೂತರು. ಜೇಬಿನಲ್ಲಿ ಮೊಬೈಲ್ ಇತ್ತು. ಮೇಷ್ಟ್ರೇ "ಅದರಲ್ಲೂ ಒಂದು ತೆಗಿ" ಅಂದರು. "ಬೇಡಿ ಸಾರ್, ಇದರಲ್ಲೇ ಚೆನ್ನಾಗಿ ಬರುತ್ತೆ" ಅಂದೆ. ಅದು ಹಮ್ಮು, ಬೇರೆ ಏನೂ ಅಲ್ಲ.

ರಾತ್ರಿ ರಾಜಾಜಿನಗರದ ಮನೆಯ ಬಚ್ಚಲಲ್ಲಿ, ನೀರಿಗೆ ಐಸ್ ಹಾಕಿ 20 ಡಿಗ್ರಿಗೆ ಇಳಿಸಿ ಫಿಲ್ಮ್ ತೊಳೆದೆ. 4 ನಿಮಿಷವೂ ಕ್ಯಾಮೆರಾದ ಬೆನ್ನಿಗೆ ಬೆಳಗಿನ ಬಿಸಿಲು ಬಿದ್ದಿತ್ತು. 12 ಚಿತ್ರಗಳ ನಡುವೆಯೂ ಕಪ್ಪಗೆ ಸುಟ್ಟ ದುಂಡು ಕಲೆ. ಒಂದರಲ್ಲಿ ಮಾತ್ರ ಮೂಲೆಯ ತೊಲೆ, ಬೆಂಚಿನ ಕಾಲು, ಮೇಷ್ಟ್ರ ಒಂದು ಚಪ್ಪಲಿ ಉಳಿದಿವೆ. ಮತ್ತೆ ರಜೆ ಹಾಕಿ ಬರುವಷ್ಟರಲ್ಲಿ ಹೆಂಚು ಇಳಿಸಿಯಾಗಿತ್ತು. ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ, "ಮುಚ್ಚಳ ಮಾಡಿದೆಯಾ?" ಅಂತ ಕೇಳಿದರು.

ಮಾಡಿದ್ದೇನೆ. ಆ ಕ್ಯಾಮೆರಾವನ್ನು ಇವತ್ತು ಶಾಲೆಯ ಪ್ರಯೋಗಾಲಯಕ್ಕೆ ತಂದಿದ್ದೇನೆ, ಒಳಗೆ ಒಂದು ರೋಲೂ ಇದೆ. 5 ಚಿತ್ರ ತೆಗೆದಿದ್ದೇನೆ, 7 ಉಳಿದಿವೆ, ಅವು ಮಕ್ಕಳಿಗೆ. ತೆಗೆದು ಮುಗಿಸಿ ಕೊಟ್ಟರೆ ತೊಳೆದು ತರುತ್ತೇನೆ.

ಇನ್ನೊಂದು ಕೋರಿಕೆ ಊರಿನವರಲ್ಲಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ 'ಇಂದು' ಫಿಲ್ಮ್ ಮಾಡುತ್ತಿತ್ತು. ಈಗ ಅಲ್ಲಿ ಫಿಲ್ಮ್ ತಯಾರಾಗುವುದಿಲ್ಲ. ಆದರೆ ಅಂಥ ಫಿಲ್ಮಿನಲ್ಲಿ ತೆಗೆದ ಗ್ರೂಪ್ ಫೋಟೋ, ಶಾಲಾ ವಾರ್ಷಿಕೋತ್ಸವದ ಫೋಟೋ ನಿಮ್ಮ ಟ್ರಂಕುಗಳಲ್ಲಿ ಇರಬಹುದು. ಹಿನ್ನೆಲೆಯಲ್ಲಿ ಆ ಕೋಣೆ ಇದ್ದರೂ ಸಾಕು. ಫೋಟೋ ಜೊತೆಗೆ ಪೇಪರ್ ಕವರಿನಲ್ಲಿ ಕಪ್ಪು ನೆಗೆಟಿವ್ ಇದ್ದರೆ ಅದನ್ನು ಬಿಸಾಡಬೇಡಿ, ಬಟ್ಟೆಯಿಂದ ಒರೆಸಲೂ ಬೇಡಿ, ಗೀಚು ಬೀಳುತ್ತದೆ. ಅಂಚನ್ನಷ್ಟೇ ಹಿಡಿದು ಹಾಗೇ ಕೊಡಿ. ನಕಲು ಮಾಡಿ, ಒಂದು ವಾರದಲ್ಲಿ ನಿಮ್ಮ ಮನೆಗೇ ತಂದು ವಾಪಸ್ ಕೊಡುತ್ತೇನೆ. ಸಂಜೆ ಆರರವರೆಗೆ ಆಫೀಸ್ ರೂಮಿನ ಹತ್ತಿರ ಇರುತ್ತೇನೆ.